ವಾಲಿದ ಇಟ್ಟಿಗೆ ಸಾಲು

ಪ್ರಶ್ನೆ: ಮನೆ ಮುಂದಿನ ಹೂವಿನ ಪಾತಿಯ ಅಂಚಿಗೆ ಇಟ್ಟಿಗೆಗಳನ್ನು ಓರೆಯಾಗಿ ಹೂಳಿಸಿದ್ದೆವು. ಈ ಮಳೆಗೆ 10 ಅಡಿ ಉದ್ದದಷ್ಟು ಸಾಲು ವಾಲಿದೆ, ನಾಲ್ಕೈದು ಒಡೆದಿವೆ. ಎಲ್ಲ ಕಿತ್ತು ಕಾಂಕ್ರೀಟ್ ಹಾಕಿಸಬೇಕಾ?
– ಒಬ್ಬ ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಬೇಡಮ್ಮ, ಸುಮ್ನೆ ದುಡ್ಡು ದಂಡ. ವಾಲಿದ್ದನ್ನು ಮಾತ್ರ ಕೀಳಿ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಮಳೆಯನ್ನೇ ಬೈದೆ. ಅಗೆದು ನೋಡಿದರೆ, ಕನಕಾಂಬರಕ್ಕೆ ದಿನಾ ಬಿಡುತ್ತಿದ್ದ ಪೈಪಿನ ನೀರು ಅಡಿಯ ಮಣ್ಣನ್ನೇ ಕೊಚ್ಚಿತ್ತು. ಇಟ್ಟಿಗೆ ಕೆಳಗೆ ಕೈ ತೂರುವಷ್ಟು ಪೊಳ್ಳು!

ನೀವೂ ಮೊದಲು ಅದನ್ನು ನೋಡಿ. ಸಡಿಲ ಮಣ್ಣು ತೆಗೆದು, 2 ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿ, ನೀರು ಚಿಮುಕಿಸಿ ಚೆನ್ನಾಗಿ ಬಡಿಯಿರಿ. ದಾರ ಕಟ್ಟಿ, ಇಟ್ಟಿಗೆಯ ಅರ್ಧದಷ್ಟು ಮಣ್ಣಿನೊಳಗೆ ಇರುವಂತೆ ಕೂರಿಸಿ. ಹೊಸ ಇಟ್ಟಿಗೆ ತರುವಾಗ ಎರಡನ್ನು ಒಂದಕ್ಕೊಂದು ತಟ್ಟಿ ನೋಡಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಮಂಕು ಸದ್ದಿನದು ಬೇಡ, ಅಂಗಡಿಯವರು ಏನೇ ಹೇಳಲಿ.

ಸ್ಕೂಟರ್ ಚಕ್ರ ಹತ್ತುವ ಕಡೆ ಮಾತ್ರ 1:6 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಸಾಕು. ಇಟ್ಟಿಗೆ ಮೊದಲೇ ನೆನೆಸಿರಿ, ಆಮೇಲೆ ಒಂದು ವಾರ ಕ್ಯೂರಿಂಗ್ ಮಾಡಿ, ಅಂದರೆ ನೀರು ಹಾಕಿ ಗಾರೆ ಒಣಗದಂತೆ ನೋಡಿಕೊಳ್ಳಿ. ಅಲ್ಲಲ್ಲಿ ಸಂದು ಬಿಡೋದು ಮರೆಯಬೇಡಿ, ಪಾತಿಯ ನೀರು ಹೊರಗೆ ಹೋಗಬೇಕಲ್ವಾ?