ಒಂದು ಬಗೆಯ ಮೀನು

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿಯುತ್ತಿದೆ ಎಂದು ಎರಡು ಪುಟ ಗೋಳಾಡಿದ್ದೀರಿ. ಒಂದು ಮೀನು ಹೋದರೆ ಇನ್ನೊಂದು ಬರುತ್ತದೆ. ಹೊಳೆಗೆ ರಾಶಿ ರಾಶಿ ಮರಿ ಬಿಡುತ್ತಾರೆ, ಬಡವರ ಮನೆಯಲ್ಲಿ ಸಾರು ಆಗುತ್ತದೆ. ವಿಜ್ಞಾನಿಗಳು ಬೆನ್ನಿನ ಗೂನು ಅಳೆಯುತ್ತಾ ಕೂತರೆ ಯಾರ ಹೊಟ್ಟೆ ತುಂಬುತ್ತದೆ? ಮೀನು ಅಂದರೆ ಮೀನು ತಾನೇ? ನಾನು ಹುಡುಗನಾಗಿದ್ದಾಗ ನಮ್ಮ ತಂದೆ ಲಕ್ಷ್ಮಣತೀರ್ಥದಿಂದ ನನ್ನಷ್ಟೇ ಉದ್ದದ ಮೀನೊಂದನ್ನು ಹೊತ್ತು ತಂದಿದ್ದರು. ಅದರ ಹೆಸರು ನನಗೆ ಮರೆತಿದೆ, ಅಕ್ಕನಿಗೆ ಗೊತ್ತಿರಬಹುದು. ಹೆಸರು ಗೊತ್ತಿಲ್ಲದಿದ್ದರೂ ಸಾರು ಚೆನ್ನಾಗಿತ್ತು!
– ನಿವೃತ್ತ ಶಿಕ್ಷಕರೊಬ್ಬರು, ಹುಣಸೂರು

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಕೊನೆಯ ಸಾಲು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಬೈಯುವುದಕ್ಕೆಂದೇ ಬರೆಯುವವರು ಜಾಸ್ತಿಯಾಗಿದ್ದಾರೆ. ನೀವು ಬೈದು, ಸಾರನ್ನೂ ಬಡಿಸಿದ್ದೀರಿ.

ಸಾರಿನ ವಿಷಯದಲ್ಲಿ ನನ್ನ ತಕರಾರಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಗೆಂಡೆ ಮೀನುಗಳಿಗೆ (ಕಟ್ಲಾ, ರೋಹು ಇದೇ ಗುಂಪಿನವು) ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಮರಿ ಬೇಕೆಂದರೆ ಹೊಳೆಗೇ ಬಲೆ ಹಾಕಬೇಕಿತ್ತು. ಇವತ್ತು ಸಂತೆಯಲ್ಲಿ ಕಟ್ಲಾ, ರೋಹು ಕೈಗೆಟುಕುವ ಬೆಲೆಗೆ ಸಿಗುವುದರ ಹಿಂದೆ ಆ ಕೆಲಸ ಇದೆ. ಊರ ಕೆರೆಗೆ ಮರಿ ಬಿಡಲಿ, ದೊಡ್ಡದಾದ ಮೇಲೆ ಹಿಡಿದು ತಿನ್ನಲಿ. ಇಷ್ಟು ಒಪ್ಪಿಕೊಂಡೆ.

ಈಗ ಜಗಳಕ್ಕೆ ಬರೋಣ. ಕೆರೆ ಬೇರೆ, ಹೊಳೆ ಬೇರೆ. ಕೆರೆ ನಾವು ಕಟ್ಟಿದ್ದು. ಹೊಳೆಯಲ್ಲಿ ನಮಗಿಂತ ಮೊದಲಿಂದ ಸಂಸಾರ ಹೂಡಿದವರು ಇದ್ದಾರೆ.

ನೀವು ತಳ್ಳಿಹಾಕಿದ ಆ ಗೂನಿನ ಕತೆಯನ್ನೇ ತೆಗೆದುಕೊಳ್ಳಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಸತ್ತ ಹುಲಿ, ಚಿರತೆಗಳ ಚರ್ಮದೊಳಗೆ ತುಂಬಿಸಿ ಜೀವ ಇರುವ ಹಾಗೆ ನಿಲ್ಲಿಸುತ್ತಿದ್ದ ಅದೇ ವ್ಯಾನ್ ಇಂಗೆನ್ ಮನೆತನ. ನಿಮ್ಮ ಊರಿನಿಂದ ಕಬಿನಿ ಎಷ್ಟು ದೂರ? ಗಾಳದ ಶೋಕಿಯವರು ನೂರೈವತ್ತು ವರ್ಷದಿಂದ ಈ ಮೀನಿಗಾಗಿ ಕಾವೇರಿಗೆ ಬರುತ್ತಿದ್ದರು. ಜಗತ್ತಿಗೆಲ್ಲ ಗೊತ್ತಿದ್ದ ಮೀನು. ಆದರೆ ಇದು ಯಾವ ಜಾತಿ ಎಂದು 2018ರವರೆಗೆ ವಿಜ್ಞಾನದ ಪುಸ್ತಕದಲ್ಲಿ ಖಚಿತವಾಗಿರಲಿಲ್ಲ! ಕೊಚ್ಚಿಯ ಮೀನುಗಾರಿಕೆ ವಿಶ್ವವಿದ್ಯಾಲಯದ ರಾಜೀವ್ ರಾಘವನ್, ಇಂಗ್ಲೆಂಡಿನ ಏಡ್ರಿಯನ್ ಪಿಂಡರ್ ಮತ್ತು ಅವರ ಜೊತೆಗಾರರು ಕಾವೇರಿ ಕೊಳ್ಳದ ಮೋಯಾರ್ ನದಿಯಲ್ಲಿ ಮೀನು ಹುಡುಕಿ ಪರೀಕ್ಷೆ ಮಾಡಿದರು. ಕೇರಳದ ಪಾಂಬಾರ್ ನದಿಯಲ್ಲಿ ಮೊದಲೇ ಗುರುತಿಸಿದ್ದ ಟಾರ್ ರೆಮಾದೇವಿಯೈ ಎಂಬ ಜಾತಿಯೇ ಇದು ಎಂದು ತೋರಿಸಿದರು. ರೆಮಾದೇವಿ ನಮ್ಮ ದೇಶದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರು. ಕಾವೇರಿಯ ದೈತ್ಯನಿಗೆ ಒಬ್ಬ ಹೆಣ್ಣುಮಗಳ ಹೆಸರು. ನನಗೆ ಅದು ಖುಷಿಯ ವಿಷಯ.

ಹೆಸರು ಗಟ್ಟಿಯಾದ ಮೇಲೆ, ಅದೇ ವರ್ಷ, ಮೀನು ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ಅತಿ ಗಂಭೀರ ವರ್ಗಕ್ಕೆ ಸೇರಿತು. ಮಹಶೀರನ್ನು ನೀರಿನ ಹುಲಿ ಅನ್ನುತ್ತಾರಲ್ಲ, ಆ ಪಟ್ಟಿಯಲ್ಲಿ ಕಾಡಿನ ಹುಲಿಗಿಂತ ಈ ನೀರಿನ ಹುಲಿಯ ಸ್ಥಿತಿ ಕೆಟ್ಟದಾಗಿದೆ. ಹೆಸರೇ ಇಲ್ಲದವನಿಗೆ ರೇಷನ್ ಕಾರ್ಡ್ ಕೊಡುತ್ತಾರಾ ಮೇಷ್ಟ್ರೇ? ಮೀನಿಗೂ ಅದೇ ಕಷ್ಟ.

ಹೇಗೆ ಕಡಿಮೆಯಾಯಿತು? ಅಣೆಕಟ್ಟು, ಮರಳು ಲಾರಿ, ತೋಟೆ ಸಿಡಿಸಿ ಮೀನು ಹಿಡಿಯುವುದು, ಇವೆಲ್ಲ ನಿಮಗೂ ಗೊತ್ತು. ಇನ್ನೊಂದು ಕಾರಣ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಕಂಪನಿಯವರು ನೀಲಿ ರೆಕ್ಕೆಯ ಮಹಶೀರಿನ ಮರಿ ಮಾಡುತ್ತಿದ್ದರು. ಆಗ ಅದೂ ಅಪಾಯದಲ್ಲಿದೆ ಎಂದೇ ಎಲ್ಲರೂ ನಂಬಿದ್ದರು. ಒಳ್ಳೆಯ ಮನಸ್ಸಿನ ಕೆಲಸವೇ. ಆ ಮರಿಗಳು ಕಾವೇರಿಗೂ ಬಂದವು. ಮಹಶೀರ್ ತಾನೇ, ಬಿಡಿ, ಅಂದರು. ನೀವು ಕೇಳಿದ ಹಾಗೆಯೇ, ಮೀನು ಅಂದರೆ ಮೀನು ತಾನೇ?

ಕನಕಪುರದ ಆಚೆ, ಸಂಗಮದ ಹತ್ತಿರ, ಗಾಳಿಬೋರೆಯಲ್ಲಿ ಗಾಳದವರ ಕ್ಯಾಂಪ್ ಇತ್ತು. ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. ನಾನು ಇದನ್ನು ಮೊದಲು ಕೇಳಿದಾಗ ನಿಮ್ಮ ಹಾಗೆಯೇ ನಕ್ಕಿದ್ದೆ. ಇದೆಂಥ ಹುಚ್ಚು, ಹಿಡಿದ ಮೇಲೆ ಬಾಣಲೆಗೆ ಹಾಕಬಾರದಾ ಅಂತ. ಆದರೆ ಆ ಹುಚ್ಚರು ಲೆಕ್ಕ ಬರೆದಿಟ್ಟಿದ್ದರು. 1998ರಿಂದ 2012ರವರೆಗೆ ಆರು ಸಾವಿರಕ್ಕೂ ಜಾಸ್ತಿ ಮೀನಿನ ಲೆಕ್ಕ. ಪಿಂಡರ್, ರಾಘವನ್ ಅವರ ತಂಡ ಆ ಪುಸ್ತಕಗಳನ್ನು ಬಿಚ್ಚಿ ಕೂತಿತು. ಒಟ್ಟು ಮೀನು ಹೆಚ್ಚುತ್ತಾ ಹೋಗಿದೆ. ಮೇಲಿಂದ ನೋಡಿದರೆ ಹೊಳೆ ತುಂಬಿ ತುಳುಕುತ್ತಿದೆ. ಒಳಗೆ ನೋಡಿದರೆ ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಗೂನಿನ ಮೀನು ಅಪರೂಪವಾಗುತ್ತಾ ಬಂದಿದೆ, ಸಿಕ್ಕರೂ ವಯಸ್ಸಾದವು, ಮರಿಗಳಿಲ್ಲ. ಮಕ್ಕಳಿಲ್ಲದ ಊರಿನ ಹಾಗೆ. ಮರಿ ಬಿಟ್ಟಾಗ ಯಾರಾದರೂ ಲೆಕ್ಕ ಹಾಕುತ್ತಿದ್ದರೆ, ಇದನ್ನು ತಿಳಿಯಲು ಗಾಳದವರ ಪುಸ್ತಕವೇ ಬೇಕಾಗುತ್ತಿತ್ತಾ?

ಹುಣಸೂರಿನವರಿಗೇ ಹುಣಸೆಹಣ್ಣಿನ ಗಾದೆ ಹೇಳಬೇಕಾಗಿ ಬಂದಿದೆ, ಕ್ಷಮಿಸಿ. ಯಾವ ಮೀನು ಎಂದು ನೋಡದೆ ಮರಿ ಬಿಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನೋಣ ಅಂದರೆ, ಅದರಲ್ಲಿ ಹೋಗುವುದು ಹಣ್ಣು ಮಾತ್ರ. ಇಲ್ಲಿ ಹೊಳೆಯೂ ಹೋಗುತ್ತದೆ.

ಪರದೇಶಿ ಅಂದರೆ ಆಫ್ರಿಕಾದಿಂದಲೇ ಬರಬೇಕಾಗಿಲ್ಲ, ಪಕ್ಕದ ನದಿಯಿಂದ ಬಂದರೂ ಸಾಕು. ಹಾಗಂತ ಆಫ್ರಿಕಾದವೂ ಬಂದಿವೆ ಅನ್ನಿ. 1952ರಲ್ಲಿ ತಿಲಾಪಿಯಾ ಬಂತು. ನಾವು ಅದಕ್ಕೆ ಜಿಲೇಬಿ ಎಂದು ಸಿಹಿ ಹೆಸರಿಟ್ಟು ಕೆರೆ ಕೆರೆಗೆ ಹಂಚಿದೆವು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಎಂದು ನಿಷೇಧವಿದೆ, ಕದ್ದು ಸಾಕುವವರೂ ಇದ್ದಾರೆ. 2018ರ ಪ್ರವಾಹದಲ್ಲಿ ಕೇರಳದ ಕೊಳಗಳು ಒಡೆದು, ಅಮೆಜಾನಿನ ಅರಪೈಮಾ ಅಲ್ಲಿನ ಹೊಳೆಗಳಲ್ಲಿ ಬಲೆಗೆ ಬಿತ್ತು. ಆಳುದ್ದದ ಮೀನು! ಹಿಡಿದವರು ಅದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ ಫೋಟೋ ನೋಡಿ ಎಲ್ಲರೂ ಬೆರಗಾದರು. ರಾಘವನ್ ಅಂಥವರು ಅದೇ ಫೋಟೋ ನೋಡಿ ತಲೆ ಮೇಲೆ ಕೈ ಹೊತ್ತಿರಬೇಕು.

ಬೇರೆಯವರನ್ನು ಬೈಯುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮನೆ ಬದಲಾಯಿಸುವಾಗ ಮಗಳ ಗಾಜಿನ ತೊಟ್ಟಿಯಲ್ಲಿ ಎರಡು ಮೀನು ಉಳಿದಿದ್ದವು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುತ್ತವಲ್ಲ, ಆ ಸಕ್ಕರ್ ಮೀನು. ಸಾಯಿಸಲು ಮನಸ್ಸು ಬರಲಿಲ್ಲ. ಬಕೆಟ್ಟಿನಲ್ಲಿ ಹೊತ್ತೊಯ್ದು ಕೆರೆಗೆ ಬಿಟ್ಟೆ. ಪುಣ್ಯ ಬಂತು ಅಂದುಕೊಂಡೆ. ವರ್ಷಗಳ ಮೇಲೆ ಅದೇ ಕೆರೆಯಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರು ಮುಳ್ಳುಮುಳ್ಳಾದ ಕಪ್ಪು ಮೀನೊಂದನ್ನು ನನ್ನ ಮುಂದೆ ಎಸೆದರು. "ಯಾವ ಪುಣ್ಯಾತ್ಮ ಬಿಟ್ಟನೋ ಸ್ವಾಮಿ, ಬಲೆ ಹರಿದು ಹಾಕ್ತವೆ, ಯಾರೂ ತಿನ್ನಲ್ಲ" ಅಂದರು. ನಾನು ಸುಮ್ನೆ ನಿಂತಿದ್ದೆ. ಆ ಪುಣ್ಯಾತ್ಮ ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಈ ಮೀನು ಏರಿಯ ಮಣ್ಣು ಕೊರೆದು ಬಿಲ ಮಾಡುತ್ತದೆ, ಕೊಳಕು ನೀರಿನಲ್ಲೂ ಗಾಳಿ ನುಂಗಿ ಬದುಕುತ್ತದೆ ಎಂದು ಆಮೇಲೆ ಓದಿದೆ.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ಮೊನ್ನೆ ಹಳೆಯ ಲೇಖನವೊಂದರಲ್ಲಿ ಸಿಕ್ಕಿದ ಮೀನಿನ ಹೆಸರಿಗೆ ಅರ್ಥ ಹುಡುಕಲು ನಿಘಂಟು ತೆಗೆದೆ. "ಒಂದು ಬಗೆಯ ಮೀನು" ಎಂದಿತ್ತು. ಇನ್ನೊಂದು ಹೆಸರು ನೋಡಿದೆ. ಅದೂ ಒಂದು ಬಗೆಯ ಮೀನು. ಹಕ್ಕಿಯಾದರೆ ಒಂದು ಬಗೆಯ ಹಕ್ಕಿ, ಗಿಡವಾದರೆ ಒಂದು ಜಾತಿಯ ಗಿಡ. ನಾವು ಪಂಡಿತರು ಹೊಳೆಯ ದಡಕ್ಕೆ ಹೋಗಿ ಬೆಸ್ತರ ಕೇರಿಯಲ್ಲಿ ಅರ್ಧ ದಿನ ಕೂತಿದ್ದರೆ ಸಾಕಿತ್ತು. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಕಲ್ಯಾಣದ ದೊರೆ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಎರೆ ಹಾಕಬೇಕು ಎಂದು ಹೆಸರು ಹಿಡಿದು ಬರೆಸಿದ್ದಾನೆ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಅದನ್ನು ಓದಿ 1951ರಲ್ಲಿ ಪ್ರಬಂಧವನ್ನೇ ಬರೆದರು. ರಾಜನಿಗೆ ಇದ್ದ ಆಸಕ್ತಿ ನಮ್ಮ ನಿಘಂಟಿಗೆ ಇಲ್ಲವಾಯಿತು.

ಗಿಡದಲ್ಲೂ ಇದೇ ಕತೆ ಅಲ್ವಾ? ಹಸಿರಾದರೆ ಸಾಕು ಎಂದು ಬಯಲುಸೀಮೆಗೆಲ್ಲ ನೀಲಗಿರಿ ನೆಟ್ಟೆವು. ಫೋಟೋ ತೆಗೆಸಿಕೊಂಡೆವು. 2017ರಲ್ಲಿ ನಮ್ಮ ಸರ್ಕಾರವೇ ಇನ್ನು ನೀಲಗಿರಿ ನೆಡಬೇಡಿ ಅಂದಿತು. ಮರಿ ಬಿಡುವ ದಿನವೂ ಹಾಗೆಯೇ ಒಂದು ಫೋಟೋ ದಿನ. ಬಿಟ್ಟ ಮರಿ ಯಾವುದು ಎಂದು ಪತ್ರಿಕೆಯವರೂ ಕೇಳುವುದಿಲ್ಲ. ನಾವೂ ಪತ್ರಿಕೆಯವರೇ, ಬೈಗುಳದಲ್ಲಿ ನಮ್ಮ ಪಾಲೂ ಇರಲಿ.

ನಮ್ಮ ಜನಕ್ಕೆ ಮೀನಿನ ಮೇಲೆ ಪ್ರೀತಿ ಇಲ್ಲ ಎಂದು ಮಾತ್ರ ನಾನು ಹೇಳಲಾರೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. 1996ರಲ್ಲಿ ಶಿಶಿಲದ ಕಪಿಲೆಗೆ ಯಾರೋ ವಿಷ ಹಾಕಿ ದೇವರ ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಗೂನು ಅಳೆಯದೆಯೂ ಅವರು ಮಡು ಕಾಪಾಡಿದ್ದಾರೆ. ನೋಡಿ, ನಿಮ್ಮ ಪರವಾಗಿಯೂ ಒಂದು ಮಾತು ಹೇಳಿದೆ.

ಈಗ ನಿಮ್ಮಿಂದ ನನಗೆ ಒಂದು ಕೆಲಸ ಆಗಬೇಕು. ನಿಮ್ಮ ತಂದೆಯವರು ತಂದ ಆ ಮೀನಿನ ಬೆನ್ನು ತಲೆಯ ಹಿಂದೆಯೇ ಎದ್ದು ನಿಂತಿತ್ತಾ? ರೆಕ್ಕೆಗಳು ಕಿತ್ತಳೆ ಬಣ್ಣ ಇದ್ದವಾ, ನೀಲಿಯಾ? ಲಕ್ಷ್ಮಣತೀರ್ಥ ಕಾವೇರಿಗೇ ಸೇರುವ ಹೊಳೆ, ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ಸಾರು ಮಾತ್ರ ನೆನಪಿರುವುದರಿಂದ ನಿಮ್ಮನ್ನು ನಂಬುವ ಹಾಗಿಲ್ಲ. ಅಕ್ಕನವರನ್ನು ಕೇಳಿ. ಮನೆಯಲ್ಲಿ ಮೀನು ಕೊಯ್ದವರಿಗೆ ಇಂಥದ್ದು ಚೆನ್ನಾಗಿ ನೆನಪಿರುತ್ತದೆ. ಅವರು ಆ ಮೀನಿಗೆ ಏನೆನ್ನುತ್ತಿದ್ದರೋ, ಅವರ ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.

– ಸಂ.