ಬಿಟ್ಟು ಬಿಟ್ಟು ಜ್ವರ ಬಂದರೆ ಕೊಟ್ಟಿಗೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ

ಅಣ್ಣಾ, ನಿಮ್ಮ ತಮ್ಮನಿಗೆ ಒಂದು ತಿಂಗಳಿಂದ ಬಿಟ್ಟು ಬಿಟ್ಟು ಜ್ವರ, ಸೊಂಟನೋವು. ಟೈಫಾಯಿಡ್ ಮಾತ್ರೆ ಮುಗಿಸಿದರೂ ವಾಸಿಯಾಗಿಲ್ಲ. ಅದಕ್ಕೆ ಮುಂಚೆ ನಿಮ್ಮ ಎರಡು ಹಸು ಕಂದು ಹಾಕಿದ್ದವು, ಅಂದರೆ ಗರ್ಭ ಇಳಿದಿತ್ತು. ಇದು ದನದಿಂದ ಮನುಷ್ಯರಿಗೆ ಅಂಟುವ ಬ್ಯಾಕ್ಟೀರಿಯಾ ಕಾಯಿಲೆ ಬ್ರುಸೆಲ್ಲೋಸಿಸ್ ಇರಬಹುದಾ, ಯಾವ ಟೆಸ್ಟ್ ಮಾಡಿಸಬೇಕು ಅಂತ ಕೇಳಿದ್ದೀರಿ. ಖಂಡಿತ ಇರಬಹುದು. ನಾನು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಮನೆಯಲ್ಲಿ ಹಸುಗಳೂ ಇವೆ. ಗೊತ್ತಿರುವುದನ್ನು ಹೇಳುತ್ತೇನೆ.

ಹಸು ಕಂದು ಹಾಕಿದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಎಷ್ಟೋ ಕೇಸ್ ತಡವಾಗುವುದು ಇಲ್ಲೇ. ಈ ಕಾಯಿಲೆಗೆ ತನ್ನದೇ ಆದ ಗುರುತು ಇಲ್ಲ. ಸಂಜೆ ಜ್ವರ, ರಾತ್ರಿ ಬೆವರು, ಕೀಲುನೋವು, ಸುಸ್ತು, ಊಟ ಸೇರದಿರುವುದು, ಇವೆಲ್ಲ ಟಿಬಿಯಲ್ಲೂ ಇರುತ್ತವೆ. ಗಂಡಸರಿಗೆ ಬೀಜ ಊದಿಕೊಳ್ಳುವುದೂ ಉಂಟು. ನಾಚಿಕೆಯಿಂದ ಮುಚ್ಚಿಡುತ್ತಾರೆ, ನೀವೇ ಕೇಳಿ. ಕರು ಎಳೆದಿದ್ದು, ಮಾಸನ್ನು ಬರಿಗೈಯಲ್ಲಿ ತೆಗೆದಿದ್ದು, ಹಸಿ ಹಾಲು ಕುಡಿದಿದ್ದು, ಕರುಗಳಿಗೆ ಲಸಿಕೆ ಹಾಕುವಾಗ ಸೂಜಿ ಚುಚ್ಚಿಕೊಂಡಿದ್ದು, ಎಲ್ಲ ಹೇಳಿ. ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ ಜ್ವರ ಶುರುವಾಗುತ್ತದೆ. ಆದರೆ ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ಹಿಂದಿನ ಆರು ತಿಂಗಳು ನೆನಪು ಮಾಡಿಕೊಳ್ಳಿ.

ಸಾಧಾರಣವಾಗಿ ಮೊದಲು ಮಾಡುವುದು ರೋಸ್ ಬೆಂಗಾಲ್ ಟೆಸ್ಟ್. ಒಂದು ಹನಿ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಜೊತೆ ಒಂದು ಹನಿ ಗುಲಾಬಿ ಬಣ್ಣದ ದ್ರಾವಣ ಬೆರೆಸಿ ಪ್ಲೇಟನ್ನು ಅಲುಗಾಡಿಸುತ್ತಾ ಇರುತ್ತೇವೆ. ಸುಮಾರು 4 ನಿಮಿಷದೊಳಗೆ ಸಣ್ಣ ಸಣ್ಣ ಕಾಳು ಕಟ್ಟಿದರೆ ಪಾಸಿಟಿವ್. ಬೇಗ ಆಗುವ, ಒಳ್ಳೆಯ ಟೆಸ್ಟ್. ಆದರೆ ಅದೊಂದನ್ನೇ ನೋಡಿ ಔಷಧಿ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ದಿನವೂ ದನದ ಜೊತೆ ಇರುವವರ ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತು, ಈ ಟೆಸ್ಟ್ ಹುಡುಕುವುದು ಅದನ್ನೇ) ಉಳಿದಿರಬಹುದು. ಯರ್ಸಿನಿಯಾದಂಥ ಬೇರೆ ಬ್ಯಾಕ್ಟೀರಿಯಾದಿಂದಲೂ ಸುಳ್ಳು ಪಾಸಿಟಿವ್ ಬರುತ್ತದೆ.

ಅದಕ್ಕೇ ಮುಂದಿನ ಹೆಜ್ಜೆ ಟ್ಯೂಬ್ ಅಗ್ಲುಟಿನೇಷನ್, ಅಂದರೆ ಸ್ಯಾಟ್. ಸೀರಮ್ಮನ್ನು ಹಂತ ಹಂತವಾಗಿ ತೆಳುವಾಗಿಸಿ, ಎಲ್ಲಿಯವರೆಗೆ ಕಾಳು ಕಟ್ಟುತ್ತದೆ ಅಂತ ನೋಡುತ್ತೇವೆ. ಆ ಕೊನೆಯ ಹಂತವೇ ಟೈಟರ್. ಲಕ್ಷಣಗಳಿದ್ದು ಟೈಟರ್ 1:160 ಅಥವಾ ಜಾಸ್ತಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಾಯಿಲೆ ಜಾಸ್ತಿ ಇರುವ ಕಡೆ 1:320 ಬೇಕು ಅನ್ನುವವರೂ ಇದ್ದಾರೆ. ಎರಡು ವಾರ ಬಿಟ್ಟು ಮತ್ತೆ ಮಾಡಿಸಿದಾಗ ನಾಲ್ಕು ಪಟ್ಟು ಏರಿದ್ದರೆ ಇದೇ ಕಾಯಿಲೆ ಅಂತ ಹೇಳಬಹುದು. ಇನ್ನೊಂದು ವಿಷಯ ಗಮನಿಸಿ. ಪ್ರತಿಕಾಯ ತೀರಾ ಜಾಸ್ತಿ ಇದ್ದಾಗ, ಸೀರಮ್ಮನ್ನು ಸಾಕಷ್ಟು ತೆಳುವಾಗಿಸದಿದ್ದರೆ ಟೆಸ್ಟ್ ನೆಗೆಟಿವ್ ಬಂದುಬಿಡುತ್ತದೆ. ಲಕ್ಷಣಗಳೆಲ್ಲ ಹೊಂದಿ ರಿಪೋರ್ಟ್ ಮಾತ್ರ ನೆಗೆಟಿವ್ ಇದ್ದರೆ, ಇನ್ನೂ ಡೈಲ್ಯೂಟ್ ಮಾಡಿ ನೋಡಲು ಲ್ಯಾಬ್‌ನವರಿಗೆ ಹೇಳಿಸಿ. ತಿಂಗಳುಗಟ್ಟಲೆ ಹಳೆಯದಾದ ಜ್ವರಕ್ಕೆ ಕೂಂಬ್ಸ್ ಅಥವಾ ಐಜಿಜಿ ಎಲೈಸಾ ಅನ್ನುವ ಬೇರೆ ಪ್ರತಿಕಾಯ ಟೆಸ್ಟ್ ಹೆಚ್ಚು ನೆರವಾಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತವನ್ನು ಲ್ಯಾಬ್‌ನಲ್ಲಿ ಇಟ್ಟು ನೋಡಿದಾಗ, ಬ್ಯಾಕ್ಟೀರಿಯಾ ಬೆಳೆಯುವುದು. ಆಂಟಿಬಯೋಟಿಕ್ ಶುರುವಾಗುವ ಮೊದಲೇ ರಕ್ತ ತೆಗೆದರೆ ಸಿಗುವ ಸಾಧ್ಯತೆ ಜಾಸ್ತಿ. ನಿಮ್ಮ ತಮ್ಮ ಈಗಾಗಲೇ ಮಾತ್ರೆ ತಗೊಂಡಿದ್ದಾರೆ, ಅದನ್ನೂ ತಿಳಿಸಿ. ಇದು ನಿಧಾನವಾಗಿ ಬೆಳೆಯುತ್ತದೆ. ಮೆಷಿನ್‌ನಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಸುಳಿವು ಸಿಕ್ಕರೂ ಹಳೆಯ ವಿಧಾನದಲ್ಲಿ ವಾರಗಟ್ಟಲೆ ಕಾಯಬೇಕು. ಬ್ರುಸೆಲ್ಲಾ ಅನುಮಾನವಿದೆ ಅಂತ ಚೀಟಿಯಲ್ಲಿ ಬರೆಸಿ, ದಯವಿಟ್ಟು ಇದನ್ನು ಮರೆಯಬೇಡಿ. ಕಲ್ಚರ್ ಪ್ಲೇಟ್ ತೆರೆದಾಗ ಗಾಳಿಯಿಂದ ಲ್ಯಾಬ್‌ನವರಿಗೇ ಅಂಟುವ ಕಾಯಿಲೆ ಇದು. ಮೊದಲೇ ಗೊತ್ತಿದ್ದರೆ ನಾವು ಜಾಗ್ರತೆ ಮಾಡುತ್ತೇವೆ.

ಸೊಂಟನೋವನ್ನು ಸುಮ್ನೆ ಕೆಲಸದ ನೋವು ಅಂತ ಬಿಡಬೇಡಿ. ಬೆನ್ನುಮೂಳೆಗೆ ಇಳಿದಿದ್ದರೆ ಎಂಆರ್‌ಐ ಬೇಕಾಗಬಹುದು. ಟಿಬಿ ಅಂತ ಔಷಧಿ ಕೊಟ್ಟರೆ ಅದರಲ್ಲಿರುವ ರಿಫಾಂಪಿಸಿನ್ ಅನ್ನುವ ಆಂಟಿಬಯೋಟಿಕ್ ಬ್ರುಸೆಲ್ಲೋಸಿಸ್‌ಗೂ ಕೆಲಸ ಮಾಡುತ್ತದೆ. ಸ್ವಲ್ಪ ವಾಸಿಯಾದಂತೆ ಕಂಡು ಎಲ್ಲರೂ ದಾರಿ ತಪ್ಪುತ್ತಾರೆ.

ಖಚಿತವಾದರೆ ಸಾಮಾನ್ಯವಾಗಿ 6 ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್, ಜೊತೆಗೆ ಇನ್ನೊಂದು ಔಷಧಿ ಕೊಡುತ್ತಾರೆ. ಬೆನ್ನುಮೂಳೆಗೆ ಹೋಗಿದ್ದರೆ ಇನ್ನೂ ಜಾಸ್ತಿ ದಿನ. ಜ್ವರ ಇಳಿಯಿತು ಅಂತ ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ವಾಸಿಯಾದ ಮೇಲೂ ಟೈಟರ್ ತಿಂಗಳುಗಟ್ಟಲೆ ಉಳಿಯಬಹುದು, ಅದನ್ನು ನೋಡಿ ಹೆದರಬೇಡಿ.

ಅದೇ ಹಸುಗಳ ಹಾಲು ಕರೆದವರು, ಕುಡಿದವರು ಮನೆಯಲ್ಲಿ ಯಾರಿದ್ದಾರೆ ನೋಡಿ. ಯಾರಿಗಾದರೂ ಜ್ವರ, ಕೀಲುನೋವು ಇದ್ದರೆ ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ. ಬಸುರಿ ಹೆಣ್ಣುಮಗಳಿದ್ದರೆ ಜ್ವರಕ್ಕೆ ಕಾಯದೆ ಮೊದಲು ಅವರನ್ನು ತೋರಿಸಿ.