ಚಿಕ್ಕಪ್ಪನ ಮೇಳದ ಪುಟಕ್ಕೆ ಸೇರಿಸಿದ್ದನ್ನೆಲ್ಲ ವಿಕಿಪೀಡಿಯದಲ್ಲಿ ತೆಗೆದರು ಅಂದಿರಲ್ಲ, ಅದಕ್ಕೆ

ಕಾರಣ ಬಹುಶಃ ಹಿತಾಸಕ್ತಿ ಸಂಘರ್ಷ, ಅಂದರೆ ನಮಗೆ ನಂಟಿರುವ ವಿಷಯದ ಬಗ್ಗೆ ನಾವೇ ಬರೆಯೋದು; ನಿಮ್ಮ ಕನ್ನಡ ಅಲ್ಲ. ಸಾಗರದ ಕಡೆಯ ಯಕ್ಷಗಾನ ಮೇಳ, ನಡೆಸೋದು ಸ್ವಂತ ಚಿಕ್ಕಪ್ಪ, ಸಾಲದ್ದಕ್ಕೆ ನಿಮ್ಮ ಖಾತೆಯ ಹೆಸರೂ ಮೇಳದ್ದೇ. ನೋಡಿದವರಿಗೆ ಜಾಹೀರಾತು ಅನ್ನಿಸದೆ ಇನ್ನೇನು? ನಮ್ಮೂರ ಅಡಿಕೆ ಸಂಘದ ಬಗ್ಗೆ ಬರೆದು ನಾನೂ ಇದೇ ಪೆಟ್ಟು ತಿಂದಿದ್ದೇನೆ.

ತೆಗೆದದ್ದನ್ನು ಮತ್ತೆ ಮತ್ತೆ ವಾಪಸ್ ಹಾಕಬೇಡಿ, ಖಾತೆಗೇ ತಡೆ ಬೀಳಬಹುದು. ಮೊದಲು ಖಾತೆಯ ಹೆಸರು ಬದಲಿಸಲು ಕೋರಿಕೆ ಸಲ್ಲಿಸಿ. ಆಮೇಲೆ ನಿಮ್ಮ ಖಾತೆಯ ಸದಸ್ಯ ಪುಟದಲ್ಲಿ ಒಂದೇ ಸಾಲು ಬರೆಯಿರಿ: 'ಈ ಮೇಳ ನಡೆಸುವವರು ನನ್ನ ಚಿಕ್ಕಪ್ಪ.' ಇದಕ್ಕೆ ಚಿಕ್ಕಪ್ಪ ದುಡ್ಡು ಕೊಡ್ತಿದ್ದರೆ ಅದನ್ನೂ ಹೇಳಲೇಬೇಕು. 2014ರಿಂದ ಅದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮದಲ್ಲೇ ಇದೆ.

ಇನ್ನು ಲೇಖನ ನೇರವಾಗಿ ತಿದ್ದೋದು ಬಿಡಿ. ಕಾಗುಣಿತದ ತಪ್ಪು, ಯಾರೋ ಗೀಚಿದ ಬೈಗುಳ ತೆಗೆದರೆ ಯಾರೂ ಏನೂ ಅನ್ನಲ್ಲ. ಉಳಿದದ್ದನ್ನೆಲ್ಲ ಆ ಲೇಖನದ ಚರ್ಚೆಪುಟದಲ್ಲಿ ಕೇಳಿ: ಯಾವ ವಾಕ್ಯ ಬದಲಾಗಬೇಕು, ಏನಂತ ಆಗಬೇಕು, ಆಧಾರ ಯಾವುದು. 'ಮಲೆನಾಡಿನ ಹೆಮ್ಮೆಯ ಮೇಳ' ಅಂತ ಬರೆದಿದ್ದೀರಲ್ಲ, ಅದು ನಿಲ್ಲಲ್ಲ. ಬಡಗುತಿಟ್ಟಿನ ಮೇಳ, ಇಂಥ ವರ್ಷ ಶುರುವಾಯಿತು ಅಂತ ಬರೆದು, ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಕೊಟ್ಟರೆ ನಿಲ್ಲುತ್ತೆ. ಹಳೇ ಪೇಪರ್ ಕಟಿಂಗ್ ಚಿಕ್ಕಪ್ಪನ ಹತ್ರ ಖಂಡಿತ ಇರುತ್ತೆ, ಅಟ್ಟದ ಟ್ರಂಕ್ ನೋಡಿ. ಆಟದ ಕರಪತ್ರ, ಮೇಳದ್ದೇ ಫೇಸ್‌ಬುಕ್ ಪುಟ ಮಾತ್ರ ಸ್ವತಂತ್ರ ಆಧಾರ ಆಗಲ್ಲ.

ಉತ್ತರ ಎರಡೇ ದಿನಕ್ಕೂ ಬರಬಹುದು, ತಿಂಗಳೂ ಹಿಡಿಯಬಹುದು. ಯಾರೂ ಕಣ್ಣೆತ್ತಿ ನೋಡದಿದ್ದರೆ ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ, ಅಂದರೆ ಬರೆಯುವವರೆಲ್ಲ ಸೇರಿ ಮಾತಾಡುವ ಪುಟದಲ್ಲಿ, ಚರ್ಚೆಪುಟದ ಕೊಂಡಿ ಹಾಕಿ ಕೇಳಿ.